ಅಪ್‌ಡೇಟ್: ಫುಲ್ ಚಾರ್ಜ್ ತೋರಿಸಿ 22 ನಿಮಿಷಕ್ಕೇ ಮಲಗಿದ ಬ್ಯಾಟರಿ

ನಮ್ಮ ಫ್ಲೈಯಿಂಗ್ ಸ್ಕೂಲಿನ ಸಣ್ಣ ವಿಮಾನದ ಡಿಸ್‌ಪ್ಲೇ (ಹಾರಾಟದ ಮಾಹಿತಿ ತೋರಿಸುವ ಸ್ಕ್ರೀನ್) ಬ್ಯಾಕಪ್ ಬ್ಯಾಟರಿಯಲ್ಲಿ ಬೇಗ ಆಫ್ ಆಗುತ್ತೆ, ಯಾಕೆ ಎಂದು ಕೇಳಿದ್ದೆನಲ್ಲ? ಕಾರಣ ಸಿಕ್ಕಿತು.

ಇಂಜಿನಿಯರ್ ಜೊತೆ ಕೂತು ಮತ್ತೆ ಪರೀಕ್ಷೆ ಮಾಡಿದೆವು. ಫುಲ್ ಚಾರ್ಜ್, ಪೂರ್ತಿ ಬ್ರೈಟ್‌ನೆಸ್, ಮಾಸ್ಟರ್ ಸ್ವಿಚ್ (ವಿಮಾನದ ಮುಖ್ಯ ಕರೆಂಟ್ ಸ್ವಿಚ್) ಆಫ್, ಕೈಯಲ್ಲಿ ಗಡಿಯಾರ. ಇದರ ಮ್ಯಾನ್ಯುವಲ್ ಕೇಳುವುದು 60 ನಿಮಿಷ. 22ಕ್ಕೇ ಸ್ಕ್ರೀನ್ ಕಪ್ಪಾಯಿತು. ಮೊದಲ ಸಲ ಪರ್ಸೆಂಟ್ ನೋಡಿ ಸುಮ್ನೆ ಟಿಕ್ ಹಾಕಿದ್ದೆವು, ಅದೇ ತಪ್ಪು. ವೋಲ್ಟೇಜ್ ಸರಿಯಿದ್ದರೂ ಹಳೇ ಲಿಥಿಯಂ ಸೆಲ್‌ನಲ್ಲಿ ಹಿಡಿಯುವ ಚಾರ್ಜೇ ಕಡಿಮೆಯಾಗಿರುತ್ತದೆ. ಲೋಡ್ ಬಿದ್ದಾಗಲೇ ಬಣ್ಣ ಬಯಲು.

ರಜೆಗೆ ಕಾರವಾರಕ್ಕೆ ಬಂದಾಗ ಅಪ್ಪನಿಗೆ ಹೇಳಿದೆ, ನಕ್ಕರು. ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ಅವರ ಬೋಟಿನ ಬ್ಯಾಟರಿಯೂ ಮೀಟರಿಗೆ 12.6 ವೋಲ್ಟ್ ತೋರಿಸಿ, ಸೆಲ್ಫ್ ಹೊಡೆದ ಕೂಡಲೇ 8ಕ್ಕೆ ಇಳಿಯುತ್ತಿತ್ತಂತೆ!

ಹೊಸ ಬ್ಯಾಟರಿ ಹಾಕಿದ ಮೇಲೆ 74 ನಿಮಿಷ ಓಡಿತು.