ಅಪ್‌ಡೇಟ್: ವೆಂಟಿಲೇಟರ್ ತೆಗೆದ ಮೇಲೆ ಮಗಳಿಗೆ ನಡುಕ ಅಂತ ಕೇಳಿದ್ದೆ

ಮೂರು ವರ್ಷದ ಮಗಳು ನ್ಯುಮೋನಿಯಾದಿಂದ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ 9 ದಿನ ವೆಂಟಿಲೇಟರ್‌ನಲ್ಲಿದ್ದಳು. ಟ್ಯೂಬ್ ತೆಗೆದ ಮೇಲೆ ನಡುಕ, ಬೆವರು, ಬಿಡದೆ ಆಕಳಿಕೆ. ಯಾಕೆ ಅಂತ ಹೋದ ವಾರ ಕೇಳಿದ್ದೆ.

ಕಾರಣ ಗೊತ್ತಾಯಿತು. ನೋವಿಗೆ ಫೆಂಟನಿಲ್, ನಿದ್ದೆಗೆ ಮಿಡಜೋಲಮ್ ಹೋಗುತ್ತಿತ್ತು. ಐದು ದಿನಕ್ಕಿಂತ ಜಾಸ್ತಿ ಕೊಟ್ಟರೆ ಮೈ ಅದಕ್ಕೆ ಒಗ್ಗಿಬಿಡುತ್ತದೆ, ಬೇಗ ಇಳಿಸಿದರೆ ಹೀಗಾಗುತ್ತದೆ. ‘ಕೂಸಿಗೆ ಚಟ ಹತ್ತಿತಾ?’ ಅಂತ ಅತ್ತೆ ಅತ್ತೇಬಿಟ್ಟರು. ಚಟ ಅಲ್ಲವೇ ಅಲ್ಲ. ಡಾಕ್ಟರ್ ಪಕ್ಕದಲ್ಲಿ ಕೂತು ಅವರಿಗೆ ಬಿಡಿಸಿ ಹೇಳಿದರು.

ಈಗ ನರ್ಸ್ ದಿನಕ್ಕೆರಡು ಸಲ ವಾಟ್-1 (ಇಂಥ ಔಷಧಿ ಇಳಿಸುವಾಗ ಆಗುವ ತೊಂದರೆ ಅಳೆಯುವ ಪಟ್ಟಿ) ಅಂಕ ಹಾಕುತ್ತಾರೆ. ಭೇದಿ, ವಾಂತಿ, ಸೀನು, ನಡುಕ ಎಲ್ಲ ಸೇರಿ ಹೆಚ್ಚೆಂದರೆ 12. ಮೂರು ಅಥವಾ ಜಾಸ್ತಿ ಬಂದರೆ ಎಚ್ಚರ. ನಮ್ಮವಳಿಗೆ 7 ಇತ್ತು, ಇವತ್ತು 2. ಬಾಯಿಗೆ ಔಷಧಿ ಕೊಟ್ಟು, ಅದನ್ನೇ ಸ್ವಲ್ಪ ಸ್ವಲ್ಪ ಇಳಿಸುತ್ತಿದ್ದಾರೆ. ಅಂಕ ಏರಿದ ದಿನ ಇಳಿಸುವುದಿಲ್ಲ.

ಮನೆಗೆ ಹೋಗುವಾಗ ಔಷಧಿ ಬಾಕಿ ಇದ್ದರೆ ಯಾವ ದಿನ ಎಷ್ಟು ಅಂತ ದಯವಿಟ್ಟು ಬರೆಸಿಕೊಳ್ಳಿ. ನಾವಾಗೇ ನಿಲ್ಲಿಸಬಾರದು.

ಬೆಳಿಗ್ಗೆ ತೀರ್ಥಹಳ್ಳಿಯಿಂದ ಅಮ್ಮ ಗಂಜಿ ತಂದಿದ್ದರು. ಚಮಚ ತಾನೇ ಹಿಡಿದಳು. ಕೈ ಸ್ವಲ್ಪ ನಡುಗಿತು, ಆದರೆ ಚೆಲ್ಲಲಿಲ್ಲ.