‘ಅಜ್ಜನ ಮನೆ’ ಗುಂಪಿಗೆ ಬಂದ ವೇಗದ ಕಡತ

ದೊಡ್ಡಪ್ಪ (ಫಾರ್ವರ್ಡ್): ಹಳೆಯ ಕಂಪ್ಯೂಟರಿಗೆ ಹೊಸ ಜೀವ! ವಿಂಡೋಸ್ 10ರ ಬೆಂಬಲ ನಿಂತಿದೆ, ಇನ್ನು ಅದರ ಸ್ವಂತ ಆ್ಯಂಟಿವೈರಸ್ ಡಿಫೆಂಡರ್ ದಂಡ. ನಿಧಾನಕ್ಕೆ ಅದೇ ಕಾರಣ. ಮೊದಲು ಟ್ಯಾಂಪರ್ ಪ್ರೊಟೆಕ್ಷನ್ ಆಫ್ ಮಾಡಿ. ಆಮೇಲೆ ಈ ಕಡತ ತೆರೆದು ‘ಯೆಸ್’ ಒತ್ತಿ. ಹತ್ತು ಜನರಿಗೆ ಕಳುಹಿಸಿ.

ದೊಡ್ಡಪ್ಪ: ನಾನು ಮಾಡಿ ನೋಡಿದ್ದೇನೆ. ಮೊದಲಿಗಿಂತ ಬೇಗ ತೆರೆದುಕೊಳ್ಳುತ್ತಿದೆ.

ನಾನು: ದಯವಿಟ್ಟು ಯಾರೂ ಆ ಕಡತವನ್ನು ತೆರೆಯಬೇಡಿ. ದೊಡ್ಡಪ್ಪ, ಇದನ್ನು ಗುಂಪಿನಿಂದ ಅಳಿಸಿಬಿಡಿ.

ದೊಡ್ಡಪ್ಪ: ಏಕೆ ಪುಟ್ಟಿ? ಕಳುಹಿಸಿದವರು ಮೂವತ್ತು ವರ್ಷದ ಪರಿಚಯದವರು. ಬೆಂಬಲ ನಿಂತಿರುವುದು ಸುಳ್ಳೇ?

ನಾನು: ಅದು ನಿಜ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ ಡಿಫೆಂಡರ್‌ಗೆ ಹೊಸ ವೈರಸ್‌ಗಳ ಗುರುತು ಕಲಿಸುವ ಅಪ್‌ಡೇಟ್‌ಗಳನ್ನು 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಒಂದು ನಿಜದ ಬೆನ್ನಿಗೆ ಸುಳ್ಳನ್ನು ಕಟ್ಟಿ ಕಳುಹಿಸಿದ್ದಾರೆ.

ಇನ್ನೊಂದು ವಿಷಯ ಯೋಚಿಸಿ. ಟ್ಯಾಂಪರ್ ಪ್ರೊಟೆಕ್ಷನ್ ಆಫ್ ಮಾಡುವ ಕೆಲಸವನ್ನು ನಮ್ಮ ಕೈಯಲ್ಲೇ ಏಕೆ ಮಾಡಿಸುತ್ತಾರೆ? ಹೊರಗಿನ ಪ್ರೋಗ್ರಾಂ ಬಂದು ರಕ್ಷಣೆಯನ್ನು ಆರಿಸದಂತೆ ತಡೆಯುವುದೇ ಅದರ ಕೆಲಸ. ಕಳ್ಳ ಒಳಗಿನ ಚಿಲಕವನ್ನು ಹೊರಗಿನಿಂದ ತೆಗೆಯಲಾರ, ಅದಕ್ಕೇ ಮನೆಯವರನ್ನು ಕೇಳುತ್ತಾನೆ.

ಅಣ್ಣ: ಇಷ್ಟು ತಲೆಬಿಸಿ ಏಕೆ? ದುಡ್ಡು ಕೊಟ್ಟು ಬೇರೆ ಆ್ಯಂಟಿವೈರಸ್ ಹಾಕಿಸಿದರೆ ಮುಗಿಯಿತು.

ನಾನು: ಹಾಕಿಸಬಹುದು ಅಣ್ಣ, ತಪ್ಪಿಲ್ಲ. ಅದು ಬಂದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಆದರೆ ಬೇಡದ ಕಡತಕ್ಕೆ ನಾವೇ ‘ಯೆಸ್’ ಒತ್ತಿದರೆ ಅದನ್ನೂ ಆರಿಸಿಬಿಡಬಹುದಲ್ಲ?

ಮಾವ: ನಾನೂ ನಿನ್ನೆ ಒತ್ತಿದ್ದೇನೆ. ಆದರೆ ರಾತ್ರಿ ಮನಸ್ಸು ತಡೆಯದೆ ಟ್ಯಾಂಪರ್ ಪ್ರೊಟೆಕ್ಷನ್ ಮತ್ತೆ ಆನ್ ಮಾಡಿದೆ. ಗಡಿಯಾರದ ಹತ್ತಿರದ ಗುರಾಣಿ ಚಿತ್ರದ ಮೇಲೆ ಹಸಿರು ಗುರುತಿದೆ. ಹಾಗಾದರೆ ಎಲ್ಲವೂ ಸರಿಯಾಗಿದೆ ತಾನೇ?

ನಾನು: ಮಾವ, ಹಸಿರನ್ನು ಈಗಲೇ ನಂಬಬೇಡಿ. ಆ ಗುರಾಣಿಯನ್ನು ಒತ್ತಿದರೆ ವಿಂಡೋಸ್ ಸೆಕ್ಯುರಿಟಿ ತೆರೆಯುತ್ತದೆ. ಅಲ್ಲಿ ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’, ಅದರೊಳಗೆ ‘ಮ್ಯಾನೇಜ್ ಸೆಟ್ಟಿಂಗ್ಸ್’. ಪುಟದ ಕೆಳಗಿನವರೆಗೆ ಹೋಗಿ ‘ಎಕ್ಸ್‌ಕ್ಲೂಷನ್ಸ್’ ತೆರೆಯಿರಿ. ಏನಿದೆ, ಒಂದಕ್ಷರ ಬಿಡದೆ ಹೇಳಿ.

ಮಾವ: ಒಂದೇ ಸಾಲು ಇದೆ. ಇಂಗ್ಲಿಷಿನ ಸಿ, ಎರಡು ಚುಕ್ಕಿ, ಒಂದು ಓರೆಗೆರೆ. ಕೆಳಗೆ ‘ಫೋಲ್ಡರ್’ ಎಂದಿದೆ.

ನಾನು: ನನ್ನ ಭಯ ನಿಜವಾಯಿತು. ಅದು ವಿಂಡೋಸ್ ಇರುವ ಇಡೀ ಸಿ ಡ್ರೈವ್. ಅಲ್ಲಿ ಏನೇ ಇದ್ದರೂ ನೋಡಬೇಡ ಎಂದು ಆ ಕಡತ ಡಿಫೆಂಡರ್‌ಗೆ ಹೇಳಿಹೋಗಿದೆ. ಕಾವಲುಗಾರ ಎಚ್ಚರವಾಗಿಯೇ ಕುಳಿತಿದ್ದಾನೆ, ಆದ್ದರಿಂದ ಗುರುತು ಹಸಿರು. ಮನೆಯ ಕಡೆ ಮಾತ್ರ ತಿರುಗಿ ನೋಡುತ್ತಿಲ್ಲ. ದೊಡ್ಡಪ್ಪ, ನಿಮ್ಮ ಕಂಪ್ಯೂಟರ್ ಬೇಗ ತೆರೆದುಕೊಳ್ಳುತ್ತಿರುವುದು ಇದರಿಂದಲೇ ಇರಬೇಕು, ಪರೀಕ್ಷಿಸುವ ಕೆಲಸವೇ ನಿಂತಿದೆ.

ದೊಡ್ಡಪ್ಪ: ನನ್ನದರಲ್ಲೂ ಅದೇ ಸಾಲು ಇದೆ. ಮೇಲಾಗಿ ಒಂದು ಕಡೆ ಕೆಂಪಕ್ಷರದಲ್ಲಿ, ಈ ಸೆಟ್ಟಿಂಗನ್ನು ನಿಮ್ಮ ಅಡ್ಮಿನಿಸ್ಟ್ರೇಟರ್ ನಿರ್ವಹಿಸುತ್ತಿದ್ದಾರೆ ಎಂದು ಬರುತ್ತಿದೆ. ಇದು ನನ್ನ ಮನೆಯ ಕಂಪ್ಯೂಟರ್. ಯಾರು ಆ ಅಡ್ಮಿನಿಸ್ಟ್ರೇಟರ್?

ನಾನು: ಯಾರೂ ಇಲ್ಲ ದೊಡ್ಡಪ್ಪ. ಕಚೇರಿಯ ಕಂಪ್ಯೂಟರಿನಲ್ಲಿ ಆ ಸಾಲು ಸಹಜ, ಮನೆಯದರಲ್ಲಿ ಕಂಡರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಯಾವುದೋ ಪ್ರೋಗ್ರಾಂ ಕೈಯಾಡಿಸಿದೆ ಎಂದೇ ಅನುಮಾನಿಸಬೇಕು. ನಿಮ್ಮದನ್ನು ಭಾನುವಾರ ನಾನೇ ಬಂದು ಸರಿಮಾಡುತ್ತೇನೆ. ಅಲ್ಲಿಯವರೆಗೆ ಇಂಟರ್‌ನೆಟ್ ತಂತಿ ತೆಗೆದಿಡಿ.

ಮಾವ, ನೀವು ಈಗಲೇ ಆ ಸಾಲನ್ನು ಒತ್ತಿ ‘ರಿಮೂವ್’ ಕೊಡಿ. ನೆಟ್‌ವರ್ಕ್ ಕಾಯುವ ಫೈರ್‌ವಾಲನ್ನೂ ಆ ಕಡತ ಬದಲಿಸಿರಬಹುದು. ಆಮೇಲೆ ‘ಫೈರ್‌ವಾಲ್ ಅಂಡ್ ನೆಟ್‌ವರ್ಕ್ ಪ್ರೊಟೆಕ್ಷನ್’ ಪುಟದಲ್ಲಿ ‘ರಿಸ್ಟೋರ್ ಫೈರ್‌ವಾಲ್ಸ್ ಟು ಡಿಫಾಲ್ಟ್’ ಒತ್ತಿದರೆ ಅದು ಮೊದಲಿನ ಸ್ಥಿತಿಗೆ ಬರುತ್ತದೆ. ಕೆಲವು ಪ್ರೋಗ್ರಾಂಗಳು ಮತ್ತೆ ಅನುಮತಿ ಕೇಳಬಹುದು, ಗಾಬರಿ ಬೇಡ. ಕೊನೆಗೆ ಮತ್ತೆ ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ಗೆ ಬಂದು ‘ಸ್ಕ್ಯಾನ್ ಆಪ್ಷನ್ಸ್’ನಲ್ಲಿ ಆಫ್‌ಲೈನ್ ಸ್ಕ್ಯಾನ್ ಆಯ್ಕೆ ಮಾಡಿ. ಕಂಪ್ಯೂಟರ್ ಮರುಪ್ರಾರಂಭವಾಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ.

ಚಿಕ್ಕಮ್ಮ: ಅಜ್ಜನ ಫೋಟೋಗಳೂ ಪಹಣಿಯ ಪ್ರತಿಗಳೂ ಮಾವನ ಕಂಪ್ಯೂಟರಿನಲ್ಲೇ ಅಲ್ಲವೇ ಇರುವುದು?

ನಾನು: ಅದಕ್ಕೇ ನನಗೆ ಇಷ್ಟು ಸಂಕಟ ಚಿಕ್ಕಮ್ಮ. ಸ್ಕ್ಯಾನ್ ಮುಗಿದು ಏನೂ ಸಿಗದಿದ್ದರೆ ಒಂದು ಪ್ರತಿ ಪೆನ್‌ಡ್ರೈವ್‌ಗೆ ತೆಗೆದಿಡೋಣ. ಮಾವ, ಬ್ಯಾಂಕಿನ ಪಾಸ್‌ವರ್ಡನ್ನು ಮೊಬೈಲ್‌ನಿಂದಲೇ ಬದಲಿಸಿ, ಆ ಕಂಪ್ಯೂಟರಿನಿಂದ ಬೇಡ. ಹಣ ಹೋಗಿರುವ ಸುಳಿವು ಸಿಕ್ಕರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ದೊಡ್ಡಪ್ಪ: ಕಂಪ್ಯೂಟರ್ ನಿಧಾನವಾಗಿದ್ದು ಮಾತ್ರ ಸುಳ್ಳಲ್ಲ ಪುಟ್ಟಿ. ಕಾದು ಕಾದು ಸಾಕಾಗಿತ್ತು.

ನಾನು: ಒಪ್ಪುತ್ತೇನೆ ದೊಡ್ಡಪ್ಪ, ನಾವು ಯಾರೂ ಬಂದು ನೋಡಲಿಲ್ಲ. ಅದರಲ್ಲಿರುವುದು ತಿರುಗುವ ಹಳೆಯ ಹಾರ್ಡ್‌ಡಿಸ್ಕ್. ಅದರ ಬದಲು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿದರೆ ರಕ್ಷಣೆ ಇಟ್ಟುಕೊಂಡೇ ವೇಗ ಬರುತ್ತದೆ. ಭಾನುವಾರ ತರುತ್ತೇನೆ.

ದೊಡ್ಡಪ್ಪ: ಇಲ್ಲಿಂದ ಅಳಿಸಿದೆ. ಆದರೆ ನಿವೃತ್ತರ ಗುಂಪಿಗೂ ನಾಲ್ಕು ದಿನದ ಹಿಂದೆ ಹಾಕಿದ್ದೆ. ಅಲ್ಲಿ ಎಲ್ಲರಿಗೂ ಅಳಿಸುವ ಆಯ್ಕೆಯೇ ಬರುತ್ತಿಲ್ಲ.

ನಾನು: ಅವಧಿ ಮೀರಿದೆ. ಗುಂಪಿನ ಅಡ್ಮಿನ್ ಅಳಿಸಬಹುದು, ಅವರಿಗೆ ಈಗಲೇ ಕರೆ ಮಾಡಿ.

ದೊಡ್ಡಪ್ಪ: ಮಾಡುತ್ತಿದ್ದೇನೆ. ತೆರೆದವರಿದ್ದರೆ ಎಕ್ಸ್‌ಕ್ಲೂಷನ್ಸ್ ಪುಟ ನೋಡಿ ಎಂದು ನಾನೇ ಅಲ್ಲಿ ಬರೆಯುತ್ತೇನೆ. ದಾರಿಯನ್ನು ಇನ್ನೊಮ್ಮೆ ಸರಿಯಾಗಿ ಬರೆದುಕೊಡು.