ಸಿಸೇರಿಯನ್ ಬಾಣಂತಿ ಮನೆಗೆ ಬರ್ತಿದ್ದಾಳೆ: ನೀರು, ಹೊಲಿಗೆ, ಹೊಟ್ಟೆ ಕಟ್ಟೋದು, ಎಣ್ಣೆ ಸ್ನಾನ – ಯಾವುದು ಸರಿ?

ಚಿಂತಾಮಣಿ_ಅಕ್ಕ:
ತಂಗಿಗೆ ಚೊಚ್ಚಲ ಹೆರಿಗೆ, ಸಿಸೇರಿಯನ್ ಆಗಿದೆ. ಅಡ್ಡ ಕೊಯ್ದು ಹೊಲಿಗೆ ಹಾಕಿದ್ದಾರೆ, ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು. ನಾಡಿದ್ದು ಡಿಸ್ಚಾರ್ಜ್. ಬಾಣಂತನ ನಮ್ಮ ಹಳ್ಳಿ ಮನೇಲೇ. ಅಜ್ಜಿ ಹೇಳೋದು: ನೀರು ಜಾಸ್ತಿ ಕೊಟ್ರೆ ಹೊಟ್ಟೆ ಬರತ್ತೆ, ಹೊಲಿಗೆ ಕೀವಾಗತ್ತೆ, ಬದನೆಕಾಯಿ, ಕುಂಬಳಕಾಯಿ, ಸೊಪ್ಪು ಎಲ್ಲಾ ನಂಜು, ತಿಂಗಳು ಪೂರ್ತಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ ಅಷ್ಟೇ. ಹಳೇ ಸೀರೆಯಲ್ಲಿ ಹೊಟ್ಟೆ ಬಿಗಿಯಾಗಿ ಕಟ್ಟಬೇಕು. ಎಣ್ಣೆ ಹಚ್ಚಿ ಸುಡುನೀರು ಎರೆದು ಸಾಂಬ್ರಾಣಿ ಹೊಗೆ ಹಾಕಬೇಕು. ಮನೇಲಿರೋದು ಇಂಡಿಯನ್ ಟಾಯ್ಲೆಟ್, ಮಲಗೋಕೆ ಹಗ್ಗದ ಮಂಚ. ಅಜ್ಜಿ ಮನಸ್ಸು ನೋಯಿಸದೆ ಯಾವುದನ್ನ ಉಳಿಸಿಕೊಳ್ಳಬಹುದು, ಯಾವುದನ್ನ ಬಿಡಲೇಬೇಕು? ವಾರ್ಡಿನಲ್ಲಿ ಕೆಲಸ ಮಾಡಿ ಗೊತ್ತಿರೋರು ಹೇಳಿ.

ಸಿಸ್ಟರ್_ತುಮಕೂರು:
ಅಕ್ಕ, ಮೊದಲು ನೀರಿನ ವಿಷಯ, ಯಾಕಂದ್ರೆ ಮಿಕ್ಕಿದ್ದಕ್ಕೆಲ್ಲ ಅದೇ ಬುಡ. ಹಾಲು ಕುಡಿಸೋ ತಾಯಿಗೆ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ಬೇಕು. ನೀರು ಕಮ್ಮಿಯಾದ್ರೆ ಮಲ ಗಟ್ಟಿಯಾಗತ್ತೆ, ತಿಣುಕಬೇಕಾಗತ್ತೆ, ತಿಣುಕಿದಾಗ ಹೊಲಿಗೆ ಜಗ್ಗತ್ತೆ. ಮೂತ್ರಕ್ಕೆ ಟ್ಯೂಬ್ ಹಾಕಿ ತೆಗೆದಿರೋದ್ರಿಂದ ಉರಿಮೂತ್ರ ಬರೋ ಸಾಧ್ಯತೆ ಹೇಗೂ ಇರತ್ತೆ, ನೀರಿಲ್ಲದಿದ್ರೆ ಅದು ಇನ್ನೂ ಜಾಸ್ತಿ. ಆಪರೇಷನ್ ಆದೋರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಭಯ ಮಾಮೂಲಿ ಹೆರಿಗೆಗಿಂತ ಹೆಚ್ಚು. ನೀರು ಕುಡಿಯದೆ ಮಲಗೇ ಇದ್ರೆ ಅದನ್ನ ನಾವೇ ಕರೆದ ಹಾಗೆ. ಹೊಟ್ಟೆ ದಪ್ಪ ಕಾಣೋದು ನೀರಿಂದ ಅಲ್ಲ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರೋಕೆ 6 ವಾರ ಬೇಕು, ಹಿಗ್ಗಿದ ಸ್ನಾಯುಗಳಿಗೆ ಅದಕ್ಕಿಂತ ಹೆಚ್ಚು. ಅಜ್ಜಿಗೆ "ತಣ್ಣೀರು ಕೊಡಲ್ಲ, ಕಾಯಿಸಿದ ನೀರೇ ಕೊಡ್ತೀವಿ, ಜೀರಿಗೆ ಹಾಕ್ತೀವಿ" ಅಂತ ಹೇಳಿ. ಒಪ್ಕೋತಾರೆ.

ಕೀವು ಬರೋದು ಬದನೆಕಾಯಿಂದ ಅಲ್ಲ, ಗಾಯಕ್ಕೆ ಸೋಂಕು ತಗುಲಿದಾಗ. ಒದ್ದೆ ಗಾಯ, ಸಕ್ಕರೆ ಕಾಯಿಲೆ, ರಕ್ತಹೀನತೆ, ದಪ್ಪ ಮೈ ಇರೋರಿಗೆ ಅದು ಹೆಚ್ಚು. ಸಾಮಾನ್ಯವಾಗಿ ನಾಲ್ಕನೇ ದಿನದ ಮೇಲೆ, ಅಂದ್ರೆ ಮನೆಗೆ ಬಂದ ಮೇಲೆಯೇ ಕಾಣಿಸ್ಕೊಳ್ಳತ್ತೆ. ಅಡ್ಡ ಕೊಯ್ತ ಇರೋದು ಹೊಟ್ಟೆ ಮಡಿಕೆ ಬೀಳೋ ಜಾಗದಲ್ಲಿ. ಕೂತಾಗ ಅಲ್ಲಿ ಬೆವರು ನಿಲ್ಲತ್ತೆ, ಗಾಳಿ ಆಡಲ್ಲ. ದಿನಕ್ಕೆ ಎರಡು ಮೂರು ಸಲ ಮಲಗಿಸಿ, ಮಡಿಕೆ ಮೇಲಕ್ಕೆತ್ತಿ, ಹತ್ತು ನಿಮಿಷ ಗಾಳಿಗೆ ಬಿಡಿ. ಆಮೇಲೆ ಒಗೆದು ಬಿಸಿಲಲ್ಲಿ ಒಣಗಿಸಿದ ತೆಳು ಕಾಟನ್ ಬಟ್ಟೆ ಮಡಿಕೆ ನಡುವೆ ಇಡಿ, ಒದ್ದೆಯಾದ ತಕ್ಷಣ ಬದಲಿಸಿ. ಚಡ್ಡಿ ಎಲಾಸ್ಟಿಕ್ ಗಾಯದ ಮೇಲೆ ಕೂರಬಾರದು. ಹೊಕ್ಕಳವರೆಗೆ ಬರೋ ಹತ್ತಿ ಚಡ್ಡಿ ತಗೊಳ್ಳಿ. ಅರಿಶಿನ, ಬೇವಿನ ಪುಡಿ, ಎಣ್ಣೆ, ವಿಭೂತಿ, ಟಾಲ್ಕಂ ಪೌಡರ್ ಯಾವುದೂ ಗಾಯಕ್ಕೆ ಬೇಡ. ಡಾಕ್ಟರ್ ಬರೆದ ಮುಲಾಮು ಇದ್ರೆ ಅದು ಮಾತ್ರ.

ಹೊಲಿಗೆ ಯಾವುದು ಅಂತ ಡಿಸ್ಚಾರ್ಜ್ ಆಗೋ ಮೊದಲೇ ಕೇಳ್ಕೊಳ್ಳಿ. ಕರಗೋ ದಾರ ಆದ್ರೆ ಬಿಚ್ಚೋದು ಏನೂ ಇಲ್ಲ. ನೈಲಾನ್ ದಾರ ಅಥವಾ ಪಿನ್ ಆದ್ರೆ ಬಿಚ್ಚೋ ದಿನ ಬರೆಸ್ಕೊಳ್ಳಿ, ಹೆಚ್ಚಾಗಿ 7ರಿಂದ 10ನೇ ದಿನದೊಳಗೆ. ಹೊಲಿಗೆ ಸುತ್ತ ಮರಗಟ್ಟಿದ ಹಾಗೆ, ನವೆಯಾದ ಹಾಗೆ ಅನ್ನಿಸೋದು ತಿಂಗಳುಗಟ್ಟಲೆ ಇರಬಹುದು, ಅದಕ್ಕೆ ಹೆದರಬೇಡಿ. ಕೆಂಪಗೆ ಊದಿಕೊಂಡು ಬಿಸಿಯಾದ್ರೆ, ವಾಸನೆ ಬಂದ್ರೆ, ನೀರು ಜಿನುಗಿದ್ರೆ, 100.4 ಡಿಗ್ರಿಗಿಂತ ಹೆಚ್ಚು ಜ್ವರ ಬಂದ್ರೆ ಅವತ್ತೇ ತೋರಿಸಿ. ಹೊಲಿಗೆ ಬಾಯಿ ಬಿಟ್ರೆ ಮನೇಲಿ ಕೂಡಿಸೋಕೆ ಹೋಗದೆ, ಶುದ್ಧ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೊರಡಿ.

ನೋವಿನ ಮಾತ್ರೆ ಹಾಲಿಗೆ ಇಳಿಯತ್ತೆ ಅಂತ ನಿಲ್ಲಿಸಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಗುವಿಗೆ ಸೇರೋದು ತುಂಬ ಅತ್ಯಲ್ಪ. 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬರೆದಿದ್ರೆ 6 ಗಂಟೆಗೊಂದರಂತೆ ಮೊದಲ ಕೆಲವು ದಿನ ಹೊತ್ತಿಗೆ ಸರಿಯಾಗಿ ಕೊಡಿ. ನೋವು ಏರಿದ ಮೇಲೆ ಕೊಟ್ರೆ ಇಳಿಸೋದು ಕಷ್ಟ. ನೋವಿದ್ದೋಳು ಎದ್ದು ಓಡಾಡಲ್ಲ, ನೆಟ್ಟಗೆ ಕೂತು ಹಾಲೂ ಕುಡಿಸಲ್ಲ. ಬಿಪಿ, ಕಿಡ್ನಿ, ಗ್ಯಾಸ್ಟ್ರಿಕ್ ತೊಂದರೆ ಇದ್ರೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಡಾಕ್ಟರ್ ಕೇಳದೆ ಬೇಡ.

ಫಿಸಿಯೋ_ಕೋಲಾರ:
ಹಗ್ಗದ ಮಂಚ ಬೇಡ. ಅದು ನಡುವೆ ತಗ್ಗುತ್ತದೆ, ಆ ತಗ್ಗಿನಿಂದ ಏಳಬೇಕಾದರೆ ಹೊಟ್ಟೆಯ ಸ್ನಾಯುವನ್ನೇ ಎಳೆಯಬೇಕು. ನೆಲದ ಚಾಪೆ ಅದಕ್ಕಿಂತ ಕಷ್ಟ. ಮಂಡಿ ಎತ್ತರದ ಗಟ್ಟಿ ಮಂಚ ಇಲ್ಲದಿದ್ದರೆ ಇರುವ ಮಂಚಕ್ಕೇ ಹಲಗೆ ಹಾಸಿ, ಮೇಲೆ ಹಾಸಿಗೆ ಹಾಕಿ.

ಏಳುವ ಕ್ರಮ ಹೀಗೆ: ಅಂಗಾತ ಮಲಗಿದ್ದಾಗ ಮೊದಲು ಎರಡೂ ಮಂಡಿ ಮಡಚಬೇಕು. ಭುಜ, ಸೊಂಟ, ಮಂಡಿ ಒಟ್ಟಿಗೇ ತಿರುಗುವಂತೆ ಮಗ್ಗುಲಾಗಬೇಕು, ಮೈ ತಿರುಚಬಾರದು. ಕಾಲುಗಳನ್ನು ಮಂಚದಂಚಿಂದ ಕೆಳಗೆ ಬಿಡುತ್ತಲೇ, ಕೆಳಗಿನ ಮೊಣಕೈ ಮತ್ತು ಮೇಲಿನ ಅಂಗೈ ಊರಿ ಮೈಯನ್ನು ಮೇಲೆ ತಳ್ಳಬೇಕು. ಉಸಿರು ಬಿಗಿ ಹಿಡಿಯದೆ, ಏಳುವಾಗ ಬಾಯಿಂದ ಬಿಡಬೇಕು. ಒಂದು ನಿಮಿಷ ಅಂಚಲ್ಲೇ ಕೂತು, ತಲೆ ಸುತ್ತಿಲ್ಲ ಅಂದಮೇಲೆ ನಿಲ್ಲುವುದು. ಮಲಗುವುದು ಇದರ ಉಲ್ಟಾ. ಕೈ ಹಿಡಿದು ಎಳೆದು ಎಬ್ಬಿಸುವುದನ್ನು ಮನೆಯವರು ಬಿಡಬೇಕು. ಎಲ್ಲ ವಾರ್ಡುಗಳಲ್ಲೂ ಕಾಣುವ ತಪ್ಪು ಇದು. ಕೆಮ್ಮು, ಸೀನು, ನಗು ಬಂದಾಗ ಮಡಚಿದ ಟವೆಲ್ ಅಥವಾ ದಿಂಬನ್ನು ಗಾಯದ ಮೇಲೆ ಅಂಗೈಯಿಂದ ಒತ್ತಿ ಹಿಡಿಯಲಿ.

ಟಾಯ್ಲೆಟ್‌ಗೆ: ನಡುವೆ ತೂತಿರುವ ಕಮೋಡ್ ಕುರ್ಚಿ ಮೆಡಿಕಲ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಇಂಡಿಯನ್ ಟಾಯ್ಲೆಟ್ ಮೇಲೆ ಇಟ್ಟರೆ ಆಯಿತು. ಕುಕ್ಕರುಗಾಲಲ್ಲಿ ಕೂತರೆ ಹೊಲಿಗೆ ಬಿಚ್ಚಿಹೋಗುತ್ತದೆ ಎಂದಲ್ಲ, ಅಲ್ಲಿಂದ ಏಳುವುದೇ ಕಷ್ಟ. ಕುರ್ಚಿ ಸಿಗದಿದ್ದರೆ ಹಿಡಿದು ಏಳಲು ಗೋಡೆಗೆ ಗಟ್ಟಿ ಹಿಡಿ ಇರಲಿ. ಮಲ ಗಟ್ಟಿಯಾಗಿದ್ದರೆ ರಾತ್ರಿ ಎರಡು ಚಮಚ ಇಸಬಗೋಲು, ಒಂದು ದೊಡ್ಡ ಲೋಟ ನೀರಿನ ಜೊತೆ. ನೀರು ಕಮ್ಮಿಯಾದರೆ ಅದೇ ಕಟ್ಟಿಕೊಳ್ಳುತ್ತದೆ.

ಹೊಟ್ಟೆ ಕಟ್ಟುವುದರಲ್ಲಿ ನಾನು ಪೂರ್ತಿ ವಿರೋಧಿ ಅಲ್ಲ. ಅಗಲ ಬೆಲ್ಟ್ ಹಾಕಿದರೆ ನಡೆಯುವಾಗ ನೋವು ಕಡಿಮೆ ಅನ್ನಿಸುತ್ತದೆ, ಧೈರ್ಯ ಬರುತ್ತದೆ. ಆದರೆ ಹೊಟ್ಟೆ ಕರಗಿಸಲಿಕ್ಕಲ್ಲ. ಸೀರೆ ಬಿಗಿದರೆ ಒತ್ತಡ ಕೆಳಗಿಳಿದು ಗರ್ಭಕೋಶ, ಮೂತ್ರಕೋಶದ ಮೇಲೆ ಬೀಳುತ್ತದೆ. ಕೆಮ್ಮಿದರೆ ಮೂತ್ರ ಸೋರುವುದು ಹೀಗೂ ಹೆಚ್ಚುತ್ತದೆ. ಬೆಲ್ಟ್ ಸೊಂಟದ ಮೂಳೆಯಿಂದ ಶುರುವಾಗಲಿ, ಒಳಗೆ ಎರಡು ಬೆರಳು ಹೋಗಲಿ, ನಿಂತಾಗ ನಡೆಯುವಾಗ ಮಾತ್ರ ಇರಲಿ. ಊಟಕ್ಕೆ, ಮಲಗಲಿಕ್ಕೆ ಬಿಚ್ಚಿ. ಒದ್ದೆ ಗಾಯದ ಮೇಲೆ ಬೇಡ.

ಮಲಗಿದ್ದಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಗಂಟೆಗೆ 20 ಸಲ. ಮೂತ್ರದ ಟ್ಯೂಬ್ ತೆಗೆದ ಮೇಲೆ, ಮೂತ್ರ ತಡೆಯುವ ಹಾಗೆ ಕೆಳಗಿನ ಸ್ನಾಯುವನ್ನು 5 ಸೆಕೆಂಡು ಬಿಗಿದು ಬಿಡುವುದು, 10 ಸಲ, ದಿನಕ್ಕೆ ಮೂರು ಹೊತ್ತು. ಮನೆಯೊಳಗೆ ಮೊದಲ ದಿನದಿಂದಲೇ ನಡೆದಾಡಲಿ. 6 ವಾರ ಮಗುವಿಗಿಂತ ಭಾರ ಏನೂ ಎತ್ತಬಾರದು: ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್ ಯಾವುದೂ.

ಚಿಂತಾಮಣಿ_ಅಕ್ಕ:
ತುಂಬ ಉಪಕಾರ. ಎಣ್ಣೆ ಸ್ನಾನ, ಊಟ ಉಳೀತು. ಬೆನ್ನಿಗೆ ಹಾಕಿದ ಇಂಜೆಕ್ಷನ್‌ನಿಂದ ಜೀವನಪೂರ್ತಿ ಬೆನ್ನುನೋವು ಅಂತಾರಲ್ಲ? ಹಾಲು ಇನ್ನೂ ಸರಿಯಾಗಿ ಬಂದಿಲ್ಲ, ಯಾರೋ ಕತ್ತೆ ಹಾಲು ಹಾಕಿ ಅಂದ್ರು.

ಸಿಸ್ಟರ್_ತುಮಕೂರು:
ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯತ್ತೆ ಅಷ್ಟೇ. ವರ್ಷಗಟ್ಟಲೆ ಇರೋ ಬೆನ್ನುನೋವಿಗೆ ಹೆಚ್ಚಾಗಿ ಕಾರಣ ಬಸುರಿಯಲ್ಲಿ ಸಡಿಲವಾದ ಸ್ನಾಯು, ಬಗ್ಗಿ ಕೂತು ಹಾಲು ಕುಡಿಸೋದು. ಆದ್ರೆ ಒಂದು ನೋಡ್ಕೊಳ್ಳಿ: ಕೂತ್ರೆ ತಲೆ ಸಿಡಿಯೋ ಹಾಗೆ ನೋವು, ಮಲಗಿದ ಕೂಡಲೇ ಕಡಿಮೆ, ಹೀಗಿದ್ರೆ ಅದು ಇಂಜೆಕ್ಷನ್‌ನದ್ದೇ. ಅರಿವಳಿಕೆ ಡಾಕ್ಟರಿಗೆ ಹೇಳಿ, ಚಿಕಿತ್ಸೆ ಇದೆ. ಕೂತರೂ ಮಲಗಿದರೂ ಒಂದೇ ಥರ ತಲೆನೋವು, ಜೊತೆಗೆ ಕಣ್ಣು ಮಂಜು, ಎದೆ ಕೆಳಗೆ ನೋವು, ಮುಖ ಊತ ಇದ್ರೆ ಬಿಪಿ. ಬಸುರಿಯಲ್ಲಿ ಬಿಪಿ ಇಲ್ಲದೋರಿಗೂ ಹೆರಿಗೆಯಾದ ಮೇಲೆ 6 ವಾರದೊಳಗೆ ಬರಬಹುದು, ಫಿಟ್ಸ್ ಆಗಬಹುದು. ಆಗ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದ್ರೆ, ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಬಿದ್ರೆ, ಒಂದೇ ಕಾಲಿನ ಮೀನಖಂಡ ಊದಿ ನೋಯ್ತಿದ್ರೆ, ಉಸಿರು ಕಟ್ಟಿದ್ರೆ ಕೂಡ ಹಾಗೇ.

ಎಣ್ಣೆ ಸ್ನಾನ ಪೂರ್ತಿ ಬಿಡೋದು ಬೇಡ, ಅಜ್ಜಿಯ ಕೈಗೆ ಆ ಕೆಲಸ ಇರಲಿ. ಗಾಯ ಒಣಗಿ ಡಾಕ್ಟರ್ ಸರಿ ಅಂದಮೇಲೆ ತಲೆ, ಕೈಕಾಲು, ಬೆನ್ನಿಗೆ ಎಣ್ಣೆ ಹಚ್ಚಲಿ, ಹೊಟ್ಟೆ ತಿಕ್ಕೋದು ಬೇಡ. ಮಣೆ ಮೇಲೆ ಕೂರಿಸಬೇಡಿ, ಪ್ಲಾಸ್ಟಿಕ್ ಕುರ್ಚಿ ಇಡಿ. ನೀರು ಮೊಣಕೈ ಇಟ್ಟು ನೋಡಿ ಬೆಚ್ಚಗಿರಬೇಕು. ಚೆಂಬಲ್ಲಿ ಹೊಟ್ಟೆಗೆ ಜೋರಾಗಿ ಎರಚೋದು ಬೇಡ, ಭುಜದ ಮೇಲಿಂದ ಹರಿದು ಬರಲಿ. ಗಾಯಕ್ಕೆ ಸೋಪು ತಿಕ್ಕದೆ, ಒಣಬಟ್ಟೆಯಿಂದ ಒತ್ತಿ ಒರೆಸಿ. ಬಾಗಿಲ ಚಿಲಕ ಹಾಕಬಾರದು; ರಕ್ತ ಕಮ್ಮಿ ಇರೋಳಿಗೆ ಬಿಸಿ ಹಬೆಯಲ್ಲಿ ತಲೆ ತಿರುಗತ್ತೆ. ಸಾಂಬ್ರಾಣಿ ಮಾತ್ರ ಖಂಡಿತ ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ರೆ ವಿಷಗಾಳಿ ತುಂಬತ್ತೆ, ಅದಕ್ಕೆ ವಾಸನೆ ಇರಲ್ಲ. ಮಗುವಿನ ಉಸಿರಿಗೂ ಹೊಗೆ ಆಗಲ್ಲ. ತಲೆ ಬಿಸಿಲಲ್ಲಿ ಒಣಗಿಸ್ಕೊಳ್ಳಲಿ.

ಹಾಲು: ಸಿಸೇರಿಯನ್ ಆದೋರಿಗೆ ಇಳಿಯೋದು ಒಂದೆರಡು ದಿನ ತಡವಾಗಬಹುದು, ಮೊದಲ ಗಿಣ್ಣುಹಾಲು ಕೆಲವೇ ಚಮಚ ಇದ್ದರೂ ಮಗುವಿಗೆ ಅಷ್ಟೇ ಸಾಕು. ದಿನಕ್ಕೆ 8ರಿಂದ 12 ಸಲ ಕುಡಿಸಲಿ. ಮಡಿಲಲ್ಲಿ ಹಾಕ್ಕೊಂಡ್ರೆ ಗಾಯ ಒತ್ತತ್ತೆ. ಮಗ್ಗುಲಲ್ಲಿ ಮಲಗಿ ಕುಡಿಸೋದು, ಇಲ್ಲ ಪಕ್ಕದಲ್ಲಿ ದಿಂಬಿಟ್ಟು ಮಗುವಿನ ಕಾಲು ಕಂಕುಳಡಿ ಹಿಂದಕ್ಕೆ ಹೋಗೋ ಹಾಗೆ ಹಿಡ್ಕೊಳ್ಳೋದು, ಎರಡೂ ಒಳ್ಳೇದು. 6ನೇ ದಿನದ ಹೊತ್ತಿಗೆ ಮಗು ದಿನಕ್ಕೆ ಆರು ಸಲ ಮೂತ್ರ ಮಾಡಿದ್ರೆ ಹಾಲು ಸಾಕಾಗ್ತಿದೆ ಅಂತ ಅರ್ಥ. ಮೊದಲ ದಿನಗಳಲ್ಲಿ ಸ್ವಲ್ಪ ತೂಕ ಇಳಿಯೋದು ಸಹಜ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿದ್ರೆ ತೋರಿಸಿ. ಕತ್ತೆ ಹಾಲು, ಜೇನು, ಸಕ್ಕರೆ ನೀರು ಒಂದು ಹನಿಯೂ ಬೇಡ. ಬೀದೀಲಿ ಕರೆದು ಮಾರೋ ಹಸಿ ಹಾಲು, ಅದೂ ಎಳೆಗೂಸಿಗೆ!

ಆಶಾ_ಗೌರಿಬಿದನೂರು:
ಊಟದ ಬಗ್ಗೆ ನಾನು ಹೇಳ್ತೀನಿ. ಹಾಲೂಡಿಸೋಳಿಗೆ ಮಾಮೂಲಿಗಿಂತ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು. ಬರೀ ಮೆಣಸಿನ ಸಾರನ್ನದಲ್ಲಿ ಗಾಯ ಮಾಯೋಕೆ ಬೇಕಾದ ಪ್ರೋಟೀನ್ ಎಲ್ಲಿಂದ ಬರಬೇಕು? ಅಜ್ಜಿಯ ಮೆಣಸು, ಬೆಳ್ಳುಳ್ಳಿ ಇರಲಿ, ಅದರ ಜೊತೆಗೆ ಮೊಟ್ಟೆ, ತೊಗರಿಬೇಳೆ, ಮೊಳಕೆ ಹುರುಳಿ ಸಾರು, ಸಬ್ಬಸಿಗೆ ಸೊಪ್ಪು, ನುಗ್ಗೆಸೊಪ್ಪು ಸೇರಲಿ. ನಮ್ಮ ಕಡೆ ಮುದ್ದೆ ಬಾಣಂತಿಗೆ ಭಾರ ಅಂತ ನಿಲ್ಲಿಸ್ತಾರೆ. 100 ಗ್ರಾಂ ರಾಗೀಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶ ಇದೆ. ಮೊದಲ ವಾರ ಗಂಜಿ ಮಾಡಿ, ಆಮೇಲೆ ಸಣ್ಣ ಮುದ್ದೆ. ಅವರೆಕಾಯಿ ಕಾಲವಾದ್ರೆ ಗ್ಯಾಸ್ ಆಗತ್ತಾ ನೋಡ್ಕೊಂಡು ಹಿದುಕಿದ ಬೇಳೆ ಸ್ವಲ್ಪ ಕೊಡಿ, ತಪ್ಪೇನಿಲ್ಲ.

ಕಬ್ಬಿಣಾಂಶದ ಮಾತ್ರೆ ದಿನಕ್ಕೊಂದು, 180 ದಿನ. ಕ್ಯಾಲ್ಸಿಯಂ 500 ಮಿಲಿಗ್ರಾಂ ದಿನಕ್ಕೆರಡು, ಅದೂ 180 ದಿನ. ಎರಡನ್ನೂ ಒಟ್ಟಿಗೆ ನುಂಗಿದ್ರೆ ಕಬ್ಬಿಣಾಂಶ ಮೈಗೆ ಹತ್ತಲ್ಲ. ಕನಿಷ್ಠ ಎರಡು ಗಂಟೆ ಬಿಡಿ. ಕಾಫಿ, ಟೀ, ಹಾಲಿನ ಜೊತೆಯೂ ಬೇಡ, ನಿಂಬೆ ನೀರಿನ ಜೊತೆ ಒಳ್ಳೇದು. ಮಲ ಕಪ್ಪಾಗತ್ತೆ, ಅದು ಸಹಜ.

ಸರ್ಕಾರಿ ಆಸ್ಪತ್ರೆ ಆದ್ರೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸಿಸೇರಿಯನ್, ಔಷಧಿ, ರಕ್ತ, 7 ದಿನದವರೆಗೆ ಊಟ, ಮನೆಗೆ ಬಿಡೋ ಗಾಡಿ ಎಲ್ಲಾ ಉಚಿತ. ನಗು-ಮಗು ವಾಹನ ಕೇಳಿ. ಸಿಗದೆ ಆಟೋದಲ್ಲಿ ಬರೋದಾದ್ರೆ ಹೊಟ್ಟೆ ಮೇಲೆ ದಿಂಬು ಹಿಡಿಸಿ, ಹಂಪ್ ಬಂದಾಗ ನಿಧಾನ ಮಾಡಿಸಿ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಇವತ್ತೇ ತಿಳಿಸಿ. ಸಿಸೇರಿಯನ್ ಬಾಣಂತಿ ಮನೆಗೆ 7, 14, 21, 28, 42ನೇ ದಿನ ಬಂದು ತಾಯಿ ಮಗು ಇಬ್ಬರನ್ನೂ ನೋಡಬೇಕು. ತಂಗಿ ಗಂಡನ ಊರಿನ ತಾಯಿ ಕಾರ್ಡ್ ಇದ್ರೂ ಪರವಾಗಿಲ್ಲ, ತೋರಿಸಿ.

ಅಳು, ಸಿಡುಕು ಮೊದಲ ಎರಡು ವಾರ ಸಾಮಾನ್ಯ. ಅದು ದಾಟಿಯೂ ನಿದ್ದೆ ಇಲ್ಲ, ಮಗು ಮೇಲೆ ಮನಸ್ಸಿಲ್ಲ, ಸಾಯಬೇಕು ಅನ್ನೋ ಮಾತು ಬಂದ್ರೆ ದೃಷ್ಟಿ ತೆಗೆದು ಸುಮ್ಮನಾಗಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಸಾಯೋ ಮಾತು ಬಂದ್ರೆ ಎರಡು ವಾರ ಆಗಲಿ ಅಂತ ಕಾಯೋದೂ ಬೇಡ.

ಸಿಸ್ಟರ್_ತುಮಕೂರು:
ಡಿಸ್ಚಾರ್ಜ್ ಕಾಗದದಲ್ಲಿ ಇಷ್ಟು ಇದೆಯಾ ಅಂತ ಅಲ್ಲೇ ನಿಂತು ನೋಡಿ: ಸಿಸೇರಿಯನ್ ಯಾಕೆ ಮಾಡಿದ್ರು, ಗರ್ಭಕೋಶಕ್ಕೆ ಕೊಯ್ತ ಕೆಳಭಾಗದಲ್ಲಿ ಅಡ್ಡವಾ (ಹೊರಗಡೆ ಅಡ್ಡ ಇದ್ರೆ ಒಳಗೂ ಅಡ್ಡ ಅಂತಿಲ್ಲ), ಹಿಮೋಗ್ಲೋಬಿನ್ ಎಷ್ಟು, ರಕ್ತದ ಗುಂಪು. ತಂಗಿ ನೆಗೆಟಿವ್, ಮಗು ಪಾಸಿಟಿವ್ ಆಗಿದ್ರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಆಗಿರಬೇಕು, ಇದನ್ನ ಇವತ್ತೇ ವಿಚಾರಿಸಿ. ಆಪರೇಷನ್ ಹೊತ್ತಲ್ಲೇ ಕಾಪರ್-ಟಿ ಹಾಕಿದ್ದಾರಾ ಅಂತಲೂ ಕೇಳಿ. ಹಾಕಿದ್ದು ಮನೆಯವರಿಗೆ ನೆನಪಿಲ್ಲದೆ, ಆಮೇಲೆ ಹೊಟ್ಟೆನೋವಿಗೆ ಊರೆಲ್ಲ ಸುತ್ತೋದು ಉಂಟು.

ಇನ್ನೊಂದು ಬಸುರಿಗೆ ಕಡಿಮೆ ಅಂದ್ರೂ ಒಂದೂವರೆ ಎರಡು ವರ್ಷ ಬಿಡಲಿ. ಒಂದು ಸಿಸೇರಿಯನ್ ಆದ್ರೆ ಮುಂದಿನದೂ ಅದೇ ಅಂತಿಲ್ಲ. ಪ್ರಯತ್ನಪಟ್ಟ ನಾಲ್ವರಲ್ಲಿ ಸುಮಾರು ಮೂವರಿಗೆ ಮಾಮೂಲಿ ಹೆರಿಗೆ ಆಗತ್ತೆ. ಆದ್ರೆ ಸುಮಾರು 200ರಲ್ಲಿ ಒಬ್ಬರಿಗೆ ಹಳೇ ಗಾಯ ಬಿರಿಯೋ ಅಪಾಯ ಇರೋದ್ರಿಂದ, ಹಗಲೂ ರಾತ್ರಿ ಆಪರೇಷನ್ ಥಿಯೇಟರ್, ರಕ್ತ, ಅರಿವಳಿಕೆ ಡಾಕ್ಟರ್ ಇರೋ ಕಡೆಯೇ ಆಗಬೇಕು. ಆ ಕಾಗದ ಲ್ಯಾಮಿನೇಷನ್ ಮಾಡಿಸಬೇಡಿ, ಮುಂದೆ ಅದರ ಮೇಲೆ ಬರೆಯೋದು ಇರತ್ತೆ. ಫೋಟೋ ತೆಗೆದು ಎರಡು ಮೂರು ಫೋನಲ್ಲಿ ಇಟ್ಟುಕೊಳ್ಳಿ.